ಆನ್‌ಲೈನ್ ಕೋರ್ಸಿಗೆ ವಿವರಣೆ ಬರೆಯುವುದು ಹೇಗೆ?

ನಿಮ್ಮ ಪ್ರಯೋಗಾಲಯಕ್ಕೆ ಹೊಸ ಅಮ್ಮೀಟರೊಂದು ಬಂದಿದೆ ಎಂದುಕೊಳ್ಳಿ. ಪೆಟ್ಟಿಗೆ ಬಿಚ್ಚಿದ ಕೂಡಲೇ ಏನನ್ನು ನೋಡುತ್ತೀರಿ? ಅದು ಏಕಮುಖ ವಿದ್ಯುತ್ತಿಗೋ ಪರ್ಯಾಯ ವಿದ್ಯುತ್ತಿಗೋ, ಎಷ್ಟು ಆಂಪೇರ್‌ವರೆಗೆ ಅಳೆಯುತ್ತದೆ, ಅದರ ಲೀಸ್ಟ್ ಕೌಂಟ್ ಎಷ್ಟು ಎಂಬ ಮೂರು ಸಂಗತಿಗಳನ್ನು. ಫಲಕದ ಮೇಲೆ ಇವು ಯಾವುವೂ ಇಲ್ಲದೆ "ಅತ್ಯುತ್ತಮ ಗುಣಮಟ್ಟದ, ಎಲ್ಲರಿಗೂ ಉಪಯುಕ್ತವಾದ ಮಾಪಕ" ಎಂದಷ್ಟೇ ಬರೆದಿದ್ದರೆ ಏನು ಮಾಡುತ್ತೀರಿ? ಅದನ್ನು ಮಂಡಲಕ್ಕೆ ಜೋಡಿಸಲು ಹಿಂಜರಿಯುತ್ತೀರಿ. ಧೈರ್ಯಮಾಡಿ ಜೋಡಿಸಿದರೆ ಒಳಗಿನ ಸುರುಳಿ ಸುಟ್ಟುಹೋದರೂ ಹೋಗಬಹುದು.

ಅಂತರ್ಜಾಲದ ಮೂಲಕ ಕಲಿಸುವ ಕೋರ್ಸುಗಳಿಗೆ ನಾವು ಅಧ್ಯಾಪಕರು ಬರೆಯುವ ವಿವರಣೆಗಳು ಬಹುಪಾಲು ಇಂಥ ಫಲಕಗಳೇ. "ಈ ಕೋರ್ಸು ವಿಷಯದ ಸಮಗ್ರ ಪರಿಚಯ ಮಾಡಿಕೊಡುತ್ತದೆ, ಮೂಲಭೂತ ಗಣಿತ ತಿಳಿದಿದ್ದರೆ ಸಾಕು, ಆಸಕ್ತರೆಲ್ಲರೂ ಸೇರಬಹುದು" ಎಂದು ಮೂರು ಮಾತು ಬರೆದು ಕೈತೊಳೆದುಕೊಳ್ಳುತ್ತೇವೆ. ಇಲ್ಲಿ ಸುಡುವುದು ಸುರುಳಿಯಲ್ಲ, ಕಲಿಯಲು ಬಂದವರ ಆತ್ಮವಿಶ್ವಾಸ.

ಇದನ್ನು ಸ್ವಂತ ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಪರ್ಯಾಯ ವಿದ್ಯುತ್ ಮಂಡಲಗಳನ್ನು ಕುರಿತು ಎಂಟು ವಾರಗಳ ಆನ್‌ಲೈನ್ ಕೋರ್ಸೊಂದನ್ನು ಸಿದ್ಧಪಡಿಸಿದೆ. ಪಾಠಗಳಿಗೆ ಐದು ತಿಂಗಳು ಹಿಡಿಯಿತು. ವಿವರಣೆಗೆ ಹಿಡಿದದ್ದು ಹತ್ತು ನಿಮಿಷ. ಅದೂ ಕೊನೆಯ ದಿನದ ಸಂಜೆ. ಮೇಲೆ ಹೇಳಿದ ಮೂರು ಮಾತುಗಳು ನನ್ನವೇ. ಕೋರ್ಸು ಅರ್ಧ ಮುಗಿಯುವ ಹೊತ್ತಿಗೆ ಪ್ರೌಢಶಾಲಾ ಶಿಕ್ಷಕಿಯೊಬ್ಬರಿಂದ ಪತ್ರ ಬಂತು. ಅವರು ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನಗಳಲ್ಲಿ ಬಿ.ಎಸ್‌ಸಿ. ಮಾಡಿದವರು. ಹತ್ತನೆಯ ತರಗತಿಯ ನಂತರ ಗಣಿತ ಓದಿರಲಿಲ್ಲ. ಆದರೂ ಶಾಲೆಯಲ್ಲಿ ವಿದ್ಯುತ್ತಿನ ಪಾಠ ಮಾಡುವ ಹೊಣೆ ಅವರ ಮೇಲಿತ್ತು. ಮೊದಲ ಎರಡು ವಾರ ಪಾಠಗಳು ಚೆನ್ನಾಗಿ ಅರ್ಥವಾದವೆಂದೂ ಮೂರನೆಯ ವಾರ ಸಂಕೀರ್ಣ ಸಂಖ್ಯೆಗಳು ಬಂದ ಮೇಲೆ ಒಂದು ಸಾಲೂ ತಿಳಿಯಲಿಲ್ಲವೆಂದೂ ಬರೆದಿದ್ದರು. ಭೌತವಿಜ್ಞಾನ ತಮ್ಮ ತಲೆಗೆ ಹತ್ತುವ ವಿಷಯವಲ್ಲ ಎಂಬುದು ಅವರು ತಲುಪಿದ್ದ ತೀರ್ಮಾನ.

ತೀರ್ಮಾನ ತಪ್ಪಾಗಿತ್ತು, ತಪ್ಪಿಗೆ ಕಾರಣ ನಾನಾಗಿದ್ದೆ. ನನ್ನ ದೃಷ್ಟಿಯಲ್ಲಿ ಸಂಕೀರ್ಣ ಸಂಖ್ಯೆ "ಮೂಲಭೂತ ಗಣಿತ". ಮೂವತ್ತು ವರ್ಷ ಪಾಠ ಮಾಡಿದವನಿಗೆ ಎಲ್ಲವೂ ಮೂಲಭೂತವಾಗಿಯೇ ಕಾಣುತ್ತದೆ. ಅವರ ಮಟ್ಟಿಗೆ ಆ ಮಾತಿನ ಅರ್ಥ ಕೂಡುವುದು, ಕಳೆಯುವುದು, ಸರಳ ಸಮೀಕರಣ ಬಿಡಿಸುವುದು. ಒಂದೇ ಪದ, ಎರಡು ಅರ್ಥ. ನಡುವಿನ ಅಂತರದಲ್ಲಿ ಬಿದ್ದವರು ಅವರು.

ಬಾಗಿಲಲ್ಲಿ ಯಾರೂ ಇಲ್ಲ

ಕಾಲೇಜಿನಲ್ಲಿ ವಿವರಣೆ ಕಳಪೆಯಾಗಿದ್ದರೂ ಇಷ್ಟು ಅನಾಹುತ ಆಗುವುದಿಲ್ಲ. ಏಕೆ? ಅಲ್ಲಿ ವಿವರಣೆಯ ಕೆಲಸವನ್ನು ಬೇರೆಯವರು ಹಂಚಿಕೊಂಡಿರುತ್ತಾರೆ. ಪ್ರವೇಶಕ್ಕೆ ಇಂಥ ವಿಷಯ ಓದಿರಲೇಬೇಕು ಎಂಬ ನಿಯಮ ಇರುತ್ತದೆ. ಅರ್ಜಿ ನೋಡಿದ ಗುಮಾಸ್ತರೇ "ನಿಮಗೆ ಗಣಿತ ಇಲ್ಲವಲ್ಲ" ಎಂದು ಎಚ್ಚರಿಸುತ್ತಾರೆ. ಹಿರಿಯ ವಿದ್ಯಾರ್ಥಿಗಳು ಯಾವ ಪತ್ರಿಕೆ ಕಷ್ಟ, ಯಾವುದು ಸುಲಭ ಎಂದು ಕಿವಿಯಲ್ಲಿ ಹೇಳುತ್ತಾರೆ. ಮೊದಲ ವಾರದ ತರಗತಿಯಲ್ಲಿ ಮಕ್ಕಳ ಮುಖ ನೋಡಿಯೇ ಅಧ್ಯಾಪಕ ಪಾಠದ ವೇಗ ಬದಲಿಸುತ್ತಾನೆ.

ಆನ್‌ಲೈನ್ ಕೋರ್ಸಿನ ಬಾಗಿಲಲ್ಲಿ ಇವರು ಯಾರೂ ಇಲ್ಲ. ನೋಂದಣಿಗೆ ಒಂದು ಗುಂಡಿ ಒತ್ತಿದರೆ ಆಯಿತು. ಅಲ್ಲಿ ನಿಂತಿರುವುದು ವಿವರಣೆ ಒಂದೇ. ಪ್ರವೇಶ ನಿಯಮ, ಗುಮಾಸ್ತ, ಹಿರಿಯ ವಿದ್ಯಾರ್ಥಿ, ಮೊದಲ ದಿನದ ಅಧ್ಯಾಪಕ ಈ ನಾಲ್ವರ ಕೆಲಸವನ್ನೂ ಅದೊಂದೇ ಮಾಡಬೇಕು. ಆದ್ದರಿಂದ ವಿವರಣೆಯನ್ನು ಜಾಹೀರಾತು ಎಂದು ತಿಳಿಯುವುದು ಸರಿಯಲ್ಲ. ಜಾಹೀರಾತಿನ ಉದ್ದೇಶ ಹೆಚ್ಚು ಜನರನ್ನು ಒಳಗೆ ಕರೆಯುವುದು. ವಿವರಣೆಯ ಉದ್ದೇಶ ಓದಿದವರು ಸರಿಯಾಗಿ ನಿರ್ಧರಿಸುವಂತೆ ಮಾಡುವುದು. "ಇದು ನನಗಲ್ಲ" ಅಥವಾ "ಇದಕ್ಕೆ ಮೊದಲು ಇನ್ನೊಂದನ್ನು ಕಲಿಯಬೇಕು" ಎಂದು ಓದುಗ ತೀರ್ಮಾನಿಸಿದರೆ ಅದೂ ವಿವರಣೆಯ ಗೆಲುವೇ.

ಒಂದು ಪ್ರಸಿದ್ಧ ಉದಾಹರಣೆ

2012ರ ಮಾರ್ಚ್‌ನಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿ, "ಮಂಡಲಗಳು ಮತ್ತು ಇಲೆಕ್ಟ್ರಾನಿಕ್ಸ್" ಎಂಬ ಕೋರ್ಸನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆಯಿತು. ಅದರ ಸಂಖ್ಯೆ 6.002ಎಕ್ಸ್. ನೇತೃತ್ವ ವಹಿಸಿದ್ದವರು ಪ್ರೊ. ಅನಂತ್ ಅಗರ್‌ವಾಲ್. ಮಂಗಳೂರಿನಲ್ಲಿ ಶಾಲೆ ಕಲಿತು, ಮದರಾಸಿನ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಅದೇ ವರ್ಷ ಎಂಐಟಿ ಮತ್ತು ಹಾರ್ವರ್ಡ್ ಸೇರಿ ಎಡ್‌ಎಕ್ಸ್ ಸ್ಥಾಪಿಸಿದಾಗ ಅದರ ಮುಖ್ಯಸ್ಥರಾದವರೂ ಅವರೇ.

ಈ ಕೋರ್ಸಿನ ವಿವರಣೆ ಗಮನಿಸಬೇಕಾದದ್ದು. "ಮೂಲಭೂತ ಗಣಿತ ಸಾಕು" ಎಂದು ಅದರಲ್ಲಿ ಬರೆದಿರಲಿಲ್ಲ. ವಿದ್ಯುತ್ತು ಮತ್ತು ಕಾಂತತ್ವವನ್ನು ಇಂಥ ಮಟ್ಟದವರೆಗೆ ಓದಿರಬೇಕು, ಕಲನಶಾಸ್ತ್ರ ಮತ್ತು ರೇಖೀಯ ಬೀಜಗಣಿತದ ಮೊದಲ ಪಾಠಗಳು ಗೊತ್ತಿರಬೇಕು, ಅವಕಲ ಸಮೀಕರಣಗಳ ಪರಿಚಯ ಇರಬೇಕು ಎಂದು ವಿಷಯಗಳನ್ನು ಹೆಸರಿಸಿತ್ತು. ಅಷ್ಟಕ್ಕೇ ನಿಲ್ಲದೆ, ಹೆಚ್ಚಿನ ಗಣಿತ ಬರುವುದು ಕೋರ್ಸಿನ ಎರಡನೆಯ ಅರ್ಧದಲ್ಲಿ. ಬೇಕಾದವರಿಗೆ ಮೊದಲ ಅರ್ಧದಲ್ಲೇ ಅವಕಲ ಸಮೀಕರಣಗಳ ಪೂರಕ ಪಾಠ ಸಿಗುತ್ತದೆ ಎಂದೂ ತಿಳಿಸಿತ್ತು. ಇಷ್ಟು ಓದಿದವನಿಗೆ ತಾನು ಎಲ್ಲಿ ನಿಂತಿದ್ದೇನೆ, ಯಾವಾಗ ಏರು ಬರುತ್ತದೆ, ಏರಲು ಯಾವ ಕೋಲು ಸಿಗುತ್ತದೆ ಎಂಬುದೆಲ್ಲ ಮೊದಲೇ ಗೊತ್ತಾಗುತ್ತದೆ.

ಫಲಿತಾಂಶ ಏನಾಯಿತು? ನೋಂದಾಯಿಸಿದವರು 1,54,763. ಮೊದಲ ಮನೆಗೆಲಸದಲ್ಲಿ ಕನಿಷ್ಠ ಒಂದು ಅಂಕ ಪಡೆದವರು 26,349. ಕೊನೆಗೆ ಪ್ರಮಾಣಪತ್ರ ಪಡೆದವರು 7,157. ನೋಂದಾಯಿಸಿದವರಿಗೆ ಹೋಲಿಸಿದರೆ ಇದು ಶೇಕಡ 5ಕ್ಕಿಂತ ಕಡಿಮೆ. ಮನೆಗೆಲಸ ಆರಂಭಿಸಿದವರಿಗೆ ಹೋಲಿಸಿದರೆ ಸುಮಾರು ಶೇಕಡ 27.

ವಿವರಣೆ ಅಷ್ಟು ಚೆನ್ನಾಗಿದ್ದರೂ ಇಷ್ಟು ಮಂದಿ ಬಿಟ್ಟುಹೋದರಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶುಲ್ಕವಿಲ್ಲದ ಕೋರ್ಸಿಗೆ ಕುತೂಹಲದಿಂದ ಇಣುಕಿ ಹೋಗುವವರು ಎಷ್ಟೋ ಜನ ಇರುತ್ತಾರೆ. ಯಾವ ವಿವರಣೆಯೂ ಅವರನ್ನು ಹಿಡಿದು ನಿಲ್ಲಿಸಲಾರದು, ನಿಲ್ಲಿಸಬೇಕಾಗಿಯೂ ಇಲ್ಲ. ನಾವು ತಡೆಯಬೇಕಾದದ್ದು ಇನ್ನೊಂದು ಬಗೆಯ ನಿರ್ಗಮನವನ್ನು. ಕಲಿಯಲೇಬೇಕೆಂದು ಬಂದು, ತಪ್ಪು ಮಾಹಿತಿ ನಂಬಿ, ನಡುದಾರಿಯಲ್ಲಿ ಎಡವಿ, ದೋಷ ತನ್ನದೇ ಎಂದುಕೊಂಡು ಹೊರಡುವವರದು. ಅಂಕಿ-ಅಂಶಗಳ ಪಟ್ಟಿಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಬರುತ್ತಾರೆ. ಆದರೆ ಅಧ್ಯಾಪಕನ ಹೊಣೆ ಎರಡನೆಯವರ ಬಗ್ಗೆ ಮಾತ್ರ.

ನಮ್ಮಲ್ಲಿ ಈಗ ಇದು ಏಕೆ ಮುಖ್ಯ?

ನಮ್ಮ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಯೋಜನೆ ಆರಂಭಿಸಿದಾಗ ಉದ್ದೇಶ ಇದ್ದದ್ದು ಪಾಠಗಳನ್ನು ಎಲ್ಲರಿಗೂ ಒದಗಿಸುವುದು. ಬೇಕಾದ ಪಾಠ ನೋಡಿ, ಬೇಡವಾದದ್ದು ಬಿಡಬಹುದಿತ್ತು. 2014ರಿಂದ ಪ್ರಮಾಣಪತ್ರದ ಕೋರ್ಸುಗಳು ಬಂದವು. 2017ರ ಜುಲೈ 9ರಂದು 'ಸ್ವಯಂ' ವೇದಿಕೆಯ ಉದ್ಘಾಟನೆಯಾಯಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2021ರ ನಿಯಮಗಳ ಪ್ರಕಾರ ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳಲ್ಲಿ ಶೇಕಡ 40ರವರೆಗೆ 'ಸ್ವಯಂ' ಮೂಲಕ ಕಲಿಯಲು ವಿಶ್ವವಿದ್ಯಾನಿಲಯಗಳು ಅವಕಾಶ ಕೊಡಬಹುದು. ಅಂದರೆ ತಪ್ಪು ಆಯ್ಕೆಯಿಂದ ಹೋಗುವುದು ಬರೀ ಬಿಡುವಿನ ವೇಳೆಯಲ್ಲ; ಪದವಿಯ ಕ್ರೆಡಿಟ್, ಒಂದು ಸೆಮಿಸ್ಟರ್.

ಎನ್‌ಪಿಟಿಇಎಲ್ ಕೋರ್ಸಿನ ಪುಟ ತೆರೆದರೆ ಕೋರ್ಸಿನ ಪರಿಚಯ, ಯಾರಿಗಾಗಿ, ಪೂರ್ವಜ್ಞಾನ, ವಾರವಾರದ ಪಾಠಗಳು, ಪುಸ್ತಕಗಳು, ಪ್ರಮಾಣಪತ್ರದ ನಿಯಮ ಮುಂತಾದ ಶೀರ್ಷಿಕೆಗಳು ಕಾಣುತ್ತವೆ. ಚೌಕಟ್ಟು ಚೆನ್ನಾಗಿದೆ. ಅದರೊಳಗೆ ಏನು ತುಂಬುತ್ತೇವೆ ಎಂಬುದು ಬರೆಯುವವರ ಕೈಯಲ್ಲಿದೆ. ಏನು ತುಂಬಬೇಕು? ಒಂದೊಂದಾಗಿ ನೋಡೋಣ.

1. ಯಾರಿಗಾಗಿ?

"ಆಸಕ್ತರೆಲ್ಲರಿಗೂ" ಎಂದರೆ ಯಾರಿಗೂ ಹೇಳಿದಂತಾಗುವುದಿಲ್ಲ. ಒಬ್ಬ ಓದುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. "ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ಭೌತವಿಜ್ಞಾನ ಮತ್ತು ಗಣಿತ ಓದುತ್ತಿರುವವರಿಗೆ" ಎಂದು ಬರೆಯಿರಿ. ಯಾರಿಗೆ ಅಲ್ಲ ಎಂಬುದನ್ನೂ ಬರೆಯಿರಿ. ಹಾಗೆ ಬರೆಯುವಾಗ ಅವರು ಎಲ್ಲಿಂದ ಆರಂಭಿಸಬಹುದು ಎಂದು ತೋರಿಸಿದರೆ ಅದು ನಿರಾಕರಣೆ ಎನಿಸದು.

2. ಏನು ಗೊತ್ತಿರಬೇಕು?

ಇದೇ ವಿವರಣೆಯ ಹೃದಯ. ವಿಷಯಗಳ ಹೆಸರು ಹೇಳುವುದು ಮೊದಲ ಹೆಜ್ಜೆ. ಅದಕ್ಕಿಂತ ಒಳ್ಳೆಯದು ಮೂರು ಪ್ರಶ್ನೆ ಕೊಡುವುದು. ನನ್ನ ಕೋರ್ಸಿಗೆ ಈಗ ಕೊಟ್ಟಿರುವ ಪ್ರಶ್ನೆಗಳು ಇವು: 4 ಓಮ್ ಮತ್ತು 12 ಓಮ್ ರೋಧಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಸೈನ್ ಫಲನವನ್ನು ಅವಕಲಿಸಿದರೆ ಏನು ಬರುತ್ತದೆ? ವಾಸ್ತವ ಭಾಗ 3, ಕಾಲ್ಪನಿಕ ಭಾಗ 4 ಇರುವ ಸಂಕೀರ್ಣ ಸಂಖ್ಯೆಯ ಮಾನ ಎಷ್ಟು? ಉತ್ತರಗಳು 3 ಓಮ್, ಕೊಸೈನ್ ಮತ್ತು 5. ಐದು ನಿಮಿಷದಲ್ಲಿ ಮೂರನ್ನೂ ಬಿಡಿಸಿದವರು ನಿಶ್ಚಿಂತೆಯಿಂದ ಸೇರಬಹುದು. ಮೂರನೆಯದು ಮಾತ್ರ ಬಾರದವರು ಪೂರ್ವಸಿದ್ಧತೆಯ ಪಾಠಗಳನ್ನು ಮೊದಲು ನೋಡಬೇಕು. "ಮೂಲಭೂತ" ಎಂಬ ಪದಕ್ಕೆ ಎರಡು ಅರ್ಥ ಇರಬಹುದು. ಲೆಕ್ಕಕ್ಕೆ ಇರುವುದು ಒಂದೇ ಅರ್ಥ.

3. ಮುಗಿಸಿದವರು ಏನು ಮಾಡಬಲ್ಲರು?

1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯ ಉದ್ದೇಶಗಳನ್ನು ಆರು ಹಂತಗಳಾಗಿ ವರ್ಗೀಕರಿಸಿದ್ದನ್ನು ಬಿ.ಎಡ್. ಮಾಡಿದವರೆಲ್ಲ ಓದಿರುತ್ತೀರಿ. 1962ರಲ್ಲಿ ರಾಬರ್ಟ್ ಮೇಗರ್ ಇನ್ನೂ ಸರಳವಾದ ಸೂತ್ರ ಕೊಟ್ಟರು. ಒಂದು ಉದ್ದೇಶದಲ್ಲಿ ಮೂರು ಭಾಗ ಇರಬೇಕು: ಕಲಿತವನು ಏನು ಮಾಡುತ್ತಾನೆ, ಯಾವ ಪರಿಸ್ಥಿತಿಯಲ್ಲಿ ಮಾಡುತ್ತಾನೆ, ಎಷ್ಟು ಚೆನ್ನಾಗಿ ಮಾಡುತ್ತಾನೆ. ಪಾಠಯೋಜನೆ ಬರೆಯುವಾಗ ಇದನ್ನು ಪಾಲಿಸುವ ನಾವು ಆನ್‌ಲೈನ್ ಕೋರ್ಸಿನ ವಿವರಣೆ ಬರೆಯುವಾಗ ಮರೆತುಬಿಡುತ್ತೇವೆ.

"ಸರಳ ಲೋಲಕವನ್ನು ಅರ್ಥಮಾಡಿಕೊಳ್ಳುವರು" ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಅರ್ಥವಾಗಿದೆಯೋ ಇಲ್ಲವೋ ನೋಡುವುದು ಹೇಗೆ? ಅದನ್ನೇ ಹೀಗೆ ಬರೆಯಬಹುದು: "ಒಂದು ಮೀಟರ್ ದಾರ, ಒಂದು ಗುಂಡು ಮತ್ತು ಮೊಬೈಲ್ ಫೋನಿನ ಗಡಿಯಾರ ಬಳಸಿ, ಗುರುತ್ವ ವೇಗೋತ್ಕರ್ಷವನ್ನು ಶೇಕಡ 2ರ ದೋಷದೊಳಗೆ ಅಳೆಯಬಲ್ಲರು." ಈ ಶೇಕಡ 2 ಬಾಯಿಗೆ ಬಂದ ಸಂಖ್ಯೆಯಲ್ಲ. ಒಂದು ಮೀಟರ್ ಲೋಲಕದ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ಬೇಕು. ಗುಂಡಿ ಒತ್ತುವಾಗ 0.2 ಸೆಕೆಂಡು ತಪ್ಪಿದರೆ ಕಾಲದಲ್ಲಿ ಶೇಕಡ 0.5 ದೋಷ. ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ಅದು ಶೇಕಡ 1 ಆಗುತ್ತದೆ. ಉದ್ದದಲ್ಲಿ 2 ಮಿಲಿಮೀಟರ್ ತಪ್ಪಾದರೆ ಇನ್ನು ಶೇಕಡ 0.2. ಆದ್ದರಿಂದ ಶೇಕಡ 2ರ ಮಾತು ಉಳಿಸಿಕೊಳ್ಳಬಹುದಾದ ಮಾತು. ವಿವರಣೆಯಲ್ಲಿ ಕೊಡುವ ಪ್ರತಿ ಭರವಸೆಯನ್ನೂ ಹೀಗೆ ಲೆಕ್ಕ ಹಾಕಿಯೇ ಕೊಡಬೇಕು.

4. ಎಷ್ಟು ಸಮಯ ಬೇಕು?

ನಾವು ಬರೆಯುವುದು ವಿಡಿಯೋದ ಅವಧಿಯನ್ನು. ಕಲಿಯುವವನಿಗೆ ಬೇಕಾದದ್ದು ಕಲಿಕೆಯ ಅವಧಿ. ನನ್ನ ಕೋರ್ಸಿನಲ್ಲಿ ವಾರಕ್ಕೆ ಎರಡೂವರೆ ಗಂಟೆಯ ವಿಡಿಯೋ ಇದೆ. ವಿದ್ಯಾರ್ಥಿಯೊಬ್ಬನನ್ನು ಕೂರಿಸಿ ನೋಡಿದಾಗ, ನಿಲ್ಲಿಸಿ, ಹಿಂದಕ್ಕೆ ಹೋಗಿ, ಟಿಪ್ಪಣಿ ಮಾಡಿಕೊಂಡು ಮುಗಿಸಲು ಅವನಿಗೆ ನಾಲ್ಕು ಗಂಟೆ ಹಿಡಿಯಿತು. ಸಮಸ್ಯೆಗಳಿಗೆ ಮತ್ತೆ ಮೂರು ಗಂಟೆ. ಆದ್ದರಿಂದ "ವಾರಕ್ಕೆ 7 ಗಂಟೆ" ಎಂದು ಬರೆಯುವುದು ಪ್ರಾಮಾಣಿಕತೆ. ಕಷ್ಟದ ವಾರ ಯಾವುದು ಎಂದೂ ಹೇಳಿ. ಪರೀಕ್ಷೆ, ಮೌಲ್ಯಮಾಪನ, ಚುನಾವಣಾ ಕೆಲಸಗಳ ನಡುವೆ ಸಮಯ ಹೊಂದಿಸಿಕೊಳ್ಳುವ ಶಿಕ್ಷಕರಿಗೆ ಈ ಒಂದು ವಾಕ್ಯದಿಂದ ಬಹಳ ಉಪಕಾರ.

5. ಏನೇನು ಸಲಕರಣೆ ಬೇಕು?

ಮೊಬೈಲ್ ಫೋನು ಸಾಕೋ, ಕಂಪ್ಯೂಟರ್ ಬೇಕೋ? ಡೇಟಾ ಎಷ್ಟು ಖರ್ಚಾಗುತ್ತದೆ? ಇದನ್ನು ಲೆಕ್ಕ ಹಾಕುವುದು ಸುಲಭ. ವಿಡಿಯೋ ಸೆಕೆಂಡಿಗೆ 500 ಕಿಲೋಬಿಟ್ ದರದಲ್ಲಿ ಹರಿದರೆ 3,600 ಸೆಕೆಂಡಿಗೆ 18 ಲಕ್ಷ ಕಿಲೋಬಿಟ್. 8 ಬಿಟ್‌ಗೆ ಒಂದು ಬೈಟ್. ಹೀಗಾಗಿ ಗಂಟೆಗೆ 225 ಮೆಗಾಬೈಟ್. ವಾರಕ್ಕೆ ಎರಡೂವರೆ ಗಂಟೆಯಂತೆ 8 ವಾರಕ್ಕೆ 20 ಗಂಟೆ. ಒಟ್ಟು ಸುಮಾರು 4.5 ಗಿಗಾಬೈಟ್. ಸಿಗ್ನಲ್ ಸಿಗದ ಊರಿನಲ್ಲಿರುವವರಿಗೆ ಪಾಠಗಳನ್ನು ಇಳಿಸಿಕೊಂಡು ನೋಡಬಹುದೇ ಎಂಬುದೂ ಗೊತ್ತಾಗಬೇಕು. ಪಾಠದ ಭಾಷೆ, ಅಡಿಬರಹದ ಭಾಷೆ, ಪರೀಕ್ಷೆಯ ಭಾಷೆ ಮೂರನ್ನೂ ಬೇರೆಬೇರೆಯಾಗಿ ತಿಳಿಸಿ. ಅಡಿಬರಹ ಕನ್ನಡದಲ್ಲಿದ್ದು ಪರೀಕ್ಷೆ ಇಂಗ್ಲಿಷಿನಲ್ಲಿದ್ದರೆ ಅದು ಕೊನೆಯ ವಾರದಲ್ಲಿ ತಿಳಿಯಬೇಕಾದ ಸುದ್ದಿಯಲ್ಲ.

6. ಮೌಲ್ಯಮಾಪನ ಹೇಗೆ?

ಮನೆಗೆಲಸಕ್ಕೆ ಎಷ್ಟು ಅಂಕ, ಪರೀಕ್ಷೆಗೆ ಎಷ್ಟು, ಉತ್ತೀರ್ಣರಾಗಲು ಎಷ್ಟು ಎಂಬುದು ಒಂದೇ ಕಡೆ ಇರಲಿ. ಕಲಿಯುವುದು ಉಚಿತವಾಗಿದ್ದು ಪರೀಕ್ಷೆಗೆ ಶುಲ್ಕ ಇದ್ದರೆ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿ. ಪರೀಕ್ಷೆ ಬರೆಯಲು ಕೇಂದ್ರಕ್ಕೆ ಹೋಗಬೇಕಾದರೆ ಅದನ್ನೂ ಮುಚ್ಚಿಡಬಾರದು.

7. ಏನು ಇಲ್ಲ?

"ಈ ಕೋರ್ಸಿನಲ್ಲಿ ಮೂರು ಹಂತದ ವಿದ್ಯುತ್ ಪೂರೈಕೆಯ ಚರ್ಚೆ ಇಲ್ಲ" ಎಂಬಂಥ ವಾಕ್ಯ ಬರೆಯಲು ನಾವು ಹಿಂಜರಿಯುತ್ತೇವೆ. ಅಮ್ಮೀಟರಿನ ಮಾಪನ ವ್ಯಾಪ್ತಿಗೆ ಮಿತಿ ಇರುವುದು ಅದರ ಅವಮಾನವಲ್ಲ. ಕೋರ್ಸಿಗೂ ಅಷ್ಟೇ.

ತಿದ್ದಿ ಬರೆದ ವಿವರಣೆ

ಇವೆಲ್ಲ ಸೇರಿದರೆ ವಿವರಣೆ ಪುಟಗಟ್ಟಲೆ ಆಗುವುದಿಲ್ಲವೇ? ಇಲ್ಲ. ನನ್ನ ಕೋರ್ಸಿಗೆ ಈಗ ಇರುವ ವಿವರಣೆಯನ್ನು ಇಲ್ಲಿ ಕೊಡುತ್ತಿದ್ದೇನೆ.

"ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್ ಎನ್ನುತ್ತೇವೆ. ಆದರೆ ಪ್ರತಿ ಆವರ್ತದಲ್ಲೂ ಅದು ಸುಮಾರು 325 ವೋಲ್ಟ್ ಮುಟ್ಟಿ ಬರುತ್ತದೆ. ಹಾಗಾದರೆ 230 ಎಂಬ ಸಂಖ್ಯೆ ಎಲ್ಲಿಂದ ಬಂತು? ಫ್ಯಾನಿನ ಒಳಗೆ ಕೆಪಾಸಿಟರ್ ಏಕೆ ಇದೆ? ಇಂಥ ಪ್ರಶ್ನೆಗಳಿಗೆ ಲೆಕ್ಕದ ಮೂಲಕ ಉತ್ತರ ಹುಡುಕುವ 8 ವಾರಗಳ ಕೋರ್ಸು ಇದು. ಭೌತವಿಜ್ಞಾನ, ಗಣಿತ ಓದುತ್ತಿರುವ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗಾಗಿ ರೂಪಿಸಿದ್ದು. ಗಣಿತ ಓದದ ಶಿಕ್ಷಕರು ಮೊದಲ ಎರಡು ವಾರಗಳನ್ನು ಸ್ವತಂತ್ರ ಕೋರ್ಸಾಗಿ ಕಲಿಯಬಹುದು. ಮೂರನೆಯ ವಾರದಿಂದ ಸಂಕೀರ್ಣ ಸಂಖ್ಯೆಗಳ ಬಳಕೆ ಇದೆ. ಅದಕ್ಕೆ ಮೂರು ಪೂರ್ವಸಿದ್ಧತೆಯ ಪಾಠಗಳಿವೆ. ಕೋರ್ಸು ಮುಗಿಸಿದವರು ಪ್ರೇರಕತೆ 100 ಮಿಲಿಹೆನ್ರಿ, ಧಾರಕತೆ 1 ಮೈಕ್ರೋಫ್ಯಾರಡ್ ಇರುವ ಮಂಡಲದ ಅನುರಣನ ಆವೃತ್ತಿ ಸುಮಾರು 503 ಹರ್ಟ್ಸ್ ಎಂದು ಲೆಕ್ಕ ಹಾಕಿ, ಅದರ ಆಚೆ ಈಚೆ ಪ್ರವಾಹ ಹೇಗೆ ಬದಲಾಗುತ್ತದೆಂದು ನಕ್ಷೆ ಬರೆಯಬಲ್ಲರು. ವಾರಕ್ಕೆ 7 ಗಂಟೆ ಬೇಕು. ಐದನೆಯ ವಾರ ಕಷ್ಟದ್ದು. ಮೊಬೈಲ್ ಫೋನು ಸಾಕು. ಒಟ್ಟು ಡೇಟಾ ಸುಮಾರು 4.5 ಗಿಗಾಬೈಟ್. ಸಾಧ್ಯವಾದರೆ ಒಬ್ಬ ಸ್ನೇಹಿತರ ಜೊತೆ ಸೇರಿರಿ."

ಇದರ ಕೆಳಗೆ ಮೂರು ಪ್ರಶ್ನೆಗಳೂ ಅಂಕಗಳ ವಿವರವೂ ಇವೆ. ಮೊದಲ ವಾಕ್ಯದಲ್ಲಿ ನನ್ನ ಪದವಿಗಳಿಲ್ಲ, ಕಲಿಯುವವನ ಮನೆಯ ಪ್ರಶ್ನೆ ಇದೆ. ಬೋಧಕರ ಪರಿಚಯ ಕೊನೆಯಲ್ಲಿ ಎರಡು ಸಾಲು ಇದ್ದರೆ ಸಾಕು. ಸ್ನೇಹಿತರ ಮಾತು ಏಕೆ ಬಂತೆಂದರೆ, ಎಂಐಟಿಯ ಆ ಕೋರ್ಸನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಹಪಾಠಿ ಅಥವಾ ವಿಷಯ ಬಲ್ಲವರೊಬ್ಬರ ಜೊತೆ ಎದುರುಬದುರು ಕುಳಿತು ಕಲಿತವರು ಹೆಚ್ಚು ಅಂಕ ಪಡೆದದ್ದು ಕಂಡುಬಂತು.

ಪರೀಕ್ಷಿಸಿ ನೋಡಿ

ಮಾಪಕವನ್ನು ಬಳಸುವ ಮುನ್ನ ಅದರ ಶೂನ್ಯದೋಷ ನೋಡುತ್ತೇವಲ್ಲವೇ? ವಿವರಣೆಗೂ ಅಂಥ ಪರೀಕ್ಷೆ ಇದೆ. ವಿಷಯ ಗೊತ್ತಿಲ್ಲದ ಒಬ್ಬರಿಗೆ, ಈಗಷ್ಟೇ ಕಲಿಯುತ್ತಿರುವ ಒಬ್ಬರಿಗೆ ಮತ್ತು ಚೆನ್ನಾಗಿ ಬಲ್ಲ ಒಬ್ಬರಿಗೆ ಅದನ್ನು ಓದಲು ಕೊಡಿ. ಓದಿದ ಮೇಲೆ ಹಾಳೆಯನ್ನು ಹಿಂದಕ್ಕೆ ಪಡೆದು ಕೇಳಿ: ಇದು ನಿಮಗಾಗಿಯೇ? ಸೇರಿದರೆ ವಾರಕ್ಕೆ ಎಷ್ಟು ಹೊತ್ತು ಬೇಕು? ಕೊನೆಗೆ ಏನು ಮಾಡಬಲ್ಲಿರಿ? ಮೊದಲ ಪ್ರಶ್ನೆಗೆ ಮೂವರೂ "ಹೌದು" ಎಂದರೆ ನಿಮ್ಮ ವಿವರಣೆ ಯಾರನ್ನೂ ಬೇರ್ಪಡಿಸುತ್ತಿಲ್ಲ, ತಿದ್ದಬೇಕು.

ತಿದ್ದಿದ ವಿವರಣೆಯಿಂದ ನನ್ನ ಕೋರ್ಸಿಗೆ ಸೇರುವವರ ಸಂಖ್ಯೆ ಕಡಿಮೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಸಂಖ್ಯೆಯನ್ನೇ ಯಶಸ್ಸು ಎಂದು ಎಣಿಸುವವರಿಗೆ ಇದು ರುಚಿಸುವುದಿಲ್ಲ. ಆದರೆ ಮೂರನೆಯ ವಾರದಲ್ಲಿ ತಟ್ಟನೆ ಮಾಯವಾಗುವವರ ಸಂಖ್ಯೆಯೂ ಕಡಿಮೆಯಾಯಿತು. ಆ ಶಿಕ್ಷಕಿಗೆ ತಪ್ಪು ಅವರದಲ್ಲ, ನನ್ನದು ಎಂದು ಬರೆದು, ಪೂರ್ವಸಿದ್ಧತೆಯ ಮೂರು ಪಾಠಗಳನ್ನು ಕಳಿಸಿಕೊಟ್ಟೆ. ಉತ್ತರ ಬರಲಿಲ್ಲ.

ನೀವು ಮುಂದೆ ಆನ್‌ಲೈನ್ ಕೋರ್ಸೊಂದನ್ನು ಸಿದ್ಧಪಡಿಸುವುದಾದರೆ ವಿವರಣೆಯನ್ನು ಕೊನೆಯ ಸಂಜೆಗೆ ಉಳಿಸಬೇಡಿ. ಮೊದಲ ಪಾಠಕ್ಕೂ ಮುನ್ನ ಅದರ ಕರಡು ಬರೆಯಿರಿ. ಯಾರಿಗೆ, ಏನು ಗೊತ್ತಿದ್ದವರಿಗೆ ಎಂಬುದು ನಿಮಗೇ ಸ್ಪಷ್ಟವಾದರೆ ಪಾಠಗಳೂ ಅದಕ್ಕೆ ತಕ್ಕಂತೆ ರೂಪುಗೊಳ್ಳುತ್ತವೆ. ನೀವು ವಿದ್ಯಾರ್ಥಿಗಳಾದರೆ, ಸೇರುವ ಮುನ್ನ ವಿವರಣೆಯಲ್ಲಿ ಈ ಏಳು ಸಂಗತಿಗಳನ್ನು ಹುಡುಕಿ. ಸಿಗದಿದ್ದರೆ ಬೋಧಕರಿಗೆ ಪತ್ರ ಬರೆದು ಕೇಳಿ. ಕೇಳಲು ಸಂಕೋಚ ಬೇಡ.